ಪದ ಎಲ್ಲಾ ಗೊತ್ತು, ಮಾತು ಮಾತ್ರ ತಿಳಿಯುತ್ತಿಲ್ಲ: ಇಂಗ್ಲಿಷ್ ನುಡಿಗಟ್ಟು ಹೇಗೆ ಕಲಿಯಬೇಕು?

ಗೋಕುಲ್ ರೋಡ್ ಹುಡುಗ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಇದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಓದುವುದಕ್ಕೆ, ಮೇಲ್ ಬರೆಯುವುದಕ್ಕೆ ತೊಂದರೆ ಇಲ್ಲ. ಸಂಜೆ ಅಮೆರಿಕದ ಕ್ಲೈಂಟ್ ಕಾಲ್‌ಗೆ ಬಂದಾಗ ಮಾತ್ರ ಕಷ್ಟ ಶುರುವಾಗುತ್ತದೆ.

ಅವರು ಆಡುವ ಒಂದೊಂದು ಪದವೂ ಗೊತ್ತಿರುತ್ತದೆ. ಎಲ್ಲಾ ಸೇರಿದಾಗ ಏನು ಹೇಳಿದರು ಅಂತ ತಿಳಿಯುವುದಿಲ್ಲ. ಡೆಮೋ ಯಾವಾಗ ಇಡೋಣ ಅಂತ ಕೇಳಿದರೆ 'ಲೆಟ್ಸ್ ಟೇಕ್ ಎ ರೈನ್ ಚೆಕ್' ಅಂದರು. ಮಳೆಗೂ ಡೆಮೋಗೂ ಏನು ಸಂಬಂಧ? ಖರ್ಚಿನ ಲೆಕ್ಕ ಬಂದಾಗ 'ಜಸ್ಟ್ ಗಿವ್ ಮಿ ಎ ಬಾಲ್‌ಪಾರ್ಕ್'. ಮುಂದಿನ ವಾರದ ಕೆಲಸ ಕೇಳಿದರೆ 'ವಿ ವಿಲ್ ಪ್ಲೇ ಇಟ್ ಬೈ ಇಯರ್'. ನಾನು ಒಂದು ಸಲಹೆ ಕೊಟ್ಟೆ. ಅದಕ್ಕೆ 'ಐ ಕುಡ್‌ನ್ಟ್ ಅಗ್ರೀ ಮೋರ್' ಅಂದರು. ಒಪ್ಪಿದರೋ ಬಿಟ್ಟರೋ ಅಂತ ಕಾಲ್ ಮುಗಿಯುವವರೆಗೂ ಯೋಚನೆ ಮಾಡುತ್ತಲೇ ಇದ್ದೆ.

ಇದನ್ನು ಕಲಿಯುವ ದಾರಿ ಯಾವುದು? ಪಟ್ಟಿ ಮಾಡಿ ಬಾಯಿಪಾಠ ಮಾಡಬೇಕಾ? ಒಂದೊಂದರ ಹಿಂದಿನ ಕಥೆ ತಿಳಿದುಕೊಳ್ಳಬೇಕಾ? ಅಥವಾ ಕೇಳುತ್ತಾ ಕೇಳುತ್ತಾ ತಾನಾಗಿಯೇ ಬರುತ್ತದಾ?

ಸಪ್ತಾಪುರ ಓದುಗಿ, ಧಾರವಾಡ

ಅಣ್ಣಾ, ನಾನು ಎಸ್‌ಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷ್ ವಿಭಾಗದಲ್ಲಿ ನುಡಿಗಟ್ಟಿನ ಪ್ರಶ್ನೆಗಳು ಇರುತ್ತವೆ. ಇಲ್ಲಿ ಸಪ್ತಾಪುರದ ಲೈಬ್ರರಿಗಳಲ್ಲಿ ನಾವೆಲ್ಲ ಪಟ್ಟಿ ಇಟ್ಟುಕೊಂಡೇ ಓದುವುದು. ಬೇಕಿದ್ದರೆ ನನ್ನ ಪಟ್ಟಿ ಕಳಿಸುತ್ತೇನೆ. ಆದರೆ ನೀವು ಬರೆದದ್ದು ಒಂದೂ ಅದರಲ್ಲಿ ಇಲ್ಲ. 'ಕಿಕ್ ದಿ ಬಕೆಟ್', 'ರೆಡ್ ಹೆರಿಂಗ್', 'ವೈಟ್ ಎಲಿಫೆಂಟ್' ಇಂಥವೇ ಜಾಸ್ತಿ.

ಹಾವೇರಿ ಮಾಸ್ತರ

ಗೋಕುಲ್ ರೋಡ್ ಅವರೇ, ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು. ನಿಮ್ಮ ಪ್ರಶ್ನೆಗೆ ಸಾವಕಾಶವಾಗಿ ಉತ್ತರ ಕೊಡುತ್ತೇನೆ.

ಮೊದಲು ನಿಮ್ಮ ಎರಡು ಉದಾಹರಣೆ. ಎರಡೂ ಬೇಸ್‌ಬಾಲ್ ಮೈದಾನದಿಂದ ಬಂದವು. ಮಳೆ ಬಂದು ಆಟ ನಿಂತರೆ ಪ್ರೇಕ್ಷಕರು ಟಿಕೆಟ್‌ನ ಹರಿದ ತುಂಡು ಇಟ್ಟುಕೊಂಡು ಇನ್ನೊಂದು ದಿನ ಬಂದು ಆಟ ನೋಡಬಹುದಿತ್ತು. ಆ ತುಂಡಿನ ಹೆಸರೇ ರೈನ್ ಚೆಕ್. 1880ರ ದಶಕದಲ್ಲೇ ಅಮೆರಿಕದಲ್ಲಿ ಈ ಪದ್ಧತಿ ಇತ್ತು. ಹಾಗಾಗಿ 'ರೈನ್ ಚೆಕ್ ತಗೊಳ್ತೀನಿ' ಅಂದರೆ 'ಈಗ ಆಗುವುದಿಲ್ಲ, ಆದರೆ ಬೇಡ ಅಂದಿಲ್ಲ, ಮುಂದೆ ನೋಡೋಣ' ಅಂತ. ಬಾಲ್‌ಪಾರ್ಕ್ ಅಂದರೆ ಬೇಸ್‌ಬಾಲ್ ಮೈದಾನ. ಚೆಂಡು ಎಲ್ಲಿ ಬಿತ್ತು ಅಂತ ಕರಾರುವಾಕ್ಕಾಗಿ ಬೇಡ, ಮೈದಾನದೊಳಗೆ ಇದ್ದರೆ ಸಾಕು. ಅವರು ಕೇಳಿದ್ದು ಸುಮಾರು ಅಂದಾಜು.

ಅಮೆರಿಕದವರ ಕಚೇರಿ ಮಾತಿನಲ್ಲಿ ಈ ಒಂದು ಆಟ ಎಷ್ಟು ತುಂಬಿಕೊಂಡಿದೆ ನೋಡಿ. 'ಟಚ್ ಬೇಸ್' ಅಂದರೆ ಒಂದು ಸಲ ಮಾತಾಡಿಕೊಳ್ಳೋಣ. 'ಕರ್ವ್‌ಬಾಲ್' ಅಂದರೆ ನಿರೀಕ್ಷೆ ಇಲ್ಲದೆ ಬಂದ ತೊಡಕು. 'ಔಟ್ ಆಫ್ ಲೆಫ್ಟ್ ಫೀಲ್ಡ್' ಅಂದರೆ ಎಲ್ಲಿಂದಲೋ ಬಂದ, ಸಂಬಂಧ ಇಲ್ಲದ ಮಾತು. 'ಸ್ಟೆಪ್ ಅಪ್ ಟು ದಿ ಪ್ಲೇಟ್' ಅಂದರೆ ಮುಂದೆ ಬಂದು ಜವಾಬ್ದಾರಿ ಹೊರು. ಅಲ್ಲಿ ಪ್ಲೇಟ್ ಅಂದರೆ ಊಟದ ತಟ್ಟೆ ಅಲ್ಲ, ಬ್ಯಾಟ್ ಹಿಡಿದವನು ನಿಲ್ಲುವ ಜಾಗ.

ಈಗ ತಿರುಗಿಸಿ ನೋಡಿ. ರಾಜನಗರದ ಮೈದಾನದಲ್ಲಿ ಪಂದ್ಯ ನೋಡಿ ಬೆಳೆದ ಹುಬ್ಬಳ್ಳಿ ಹುಡುಗನಿಗೆ 'ಸ್ಟಂಪ್ಡ್', 'ಆನ್ ದಿ ಬ್ಯಾಕ್ ಫುಟ್', 'ಹಿಟ್ ಫಾರ್ ಸಿಕ್ಸ್' ಯಾರೂ ಬಿಡಿಸಿ ಹೇಳಬೇಕಿಲ್ಲ. 'ಸ್ಟಿಕಿ ವಿಕೆಟ್' ಅಂದರೂ ಬೇಗ ಹೊಳೆಯುತ್ತದೆ. ಹಿಂದೆ ಪಿಚ್‌ಗೆ ಹೊದಿಕೆ ಇರುತ್ತಿರಲಿಲ್ಲ. ಮಳೆ ಬಿದ್ದು ಬಿಸಿಲಿಗೆ ಒಣಗುವಾಗ ಚೆಂಡು ಎಲ್ಲೆಂದರಲ್ಲಿ ತಿರುಗಿ ಬ್ಯಾಟ್ಸ್‌ಮನ್ ಒದ್ದಾಡುತ್ತಿದ್ದ. ಹ್ಯಾಟ್ರಿಕ್ ಕೂಡ ಅಲ್ಲಿನದೇ. 1858ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಎಚ್. ಎಚ್. ಸ್ಟೀಫನ್‌ಸನ್ ಸತತ ಮೂರು ಎಸೆತಕ್ಕೆ ಮೂರು ವಿಕೆಟ್ ತೆಗೆದಾಗ ಜನ ಹಣ ಕೂಡಿಸಿ ಅವರಿಗೆ ಟೋಪಿ ಕೊಟ್ಟರು. ಇವನ್ನು ನಾವು ಕಲಿತಿಲ್ಲ. ಆಟ ಗೊತ್ತಿದ್ದದ್ದರಿಂದ ಮಾತೂ ಬಂತು.

ಹಾಗಾಗಿ ನನ್ನ ಸಲಹೆ ಇಷ್ಟು. ಹೊಸ ನುಡಿಗಟ್ಟು ಕೇಳಿದಾಗ ಮೊದಲು 'ಇದು ಯಾವ ಕಸುಬಿನಿಂದ, ಯಾವ ಆಟದಿಂದ ಬಂತು' ಅಂತ ನೋಡಿ. ಆ ಲೋಕ ಒಮ್ಮೆ ಪರಿಚಯ ಆದರೆ ಒಂದಲ್ಲ, ಹತ್ತಿಪ್ಪತ್ತು ಮಾತು ಒಟ್ಟಿಗೆ ತಿಳಿಯುತ್ತವೆ. ಅಕಾರಾದಿ ಪಟ್ಟಿಯಿಂದ ಆ ಲಾಭ ಸಿಗುವುದಿಲ್ಲ.

ಹಾರ್ಮೋನಿಯಂ ಮನೆ, ಧಾರವಾಡ

ಮಾಸ್ತರೇ, 'ಪ್ಲೇ ಇಟ್ ಬೈ ಇಯರ್' ಬಗ್ಗೆ ನಾನು ಹೇಳಲೇಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಸಂಗೀತದವರು. ಈ ಮಾತು ನಮ್ಮ ಕಡೆಯವರಿಗೆ ತಿಳಿಯದೇ ಇರುವುದಕ್ಕೆ ಒಂದು ಒಳ್ಳೆಯ ಕಾರಣ ಇದೆ.

ಪಾಶ್ಚಾತ್ಯ ಸಂಗೀತದಲ್ಲಿ ನುಡಿಸುವವರ ಮುಂದೆ ಸ್ವರ ಬರೆದ ಹಾಳೆ ಇರುತ್ತದೆ. ಹಾಳೆ ಇಲ್ಲದೆ, ಬರೀ ಕೇಳಿ ನುಡಿಸಿದರೆ ಅದು 'ಬೈ ಇಯರ್'. ಅವರಿಗೆ ಅದು ವಿಶೇಷ. ಅದೇ ಅರ್ಥ ಮಾತಿಗೂ ಬಂತು. ಬರೆದಿಟ್ಟ ಯೋಜನೆ ಇಲ್ಲ, ಸಂದರ್ಭ ಬಂದಂತೆ ನೋಡಿಕೊಳ್ಳೋಣ ಅಂತ. ನಮ್ಮಲ್ಲಿ ಹಾಗಲ್ಲವಲ್ಲ! ಗುರುಗಳ ಎದುರು ಕೂತು ಕೇಳಿ ಕಲಿಯುವುದೇ ಪದ್ಧತಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ಕೇಳಿಯೇ ಕಲಿತು ದೊಡ್ಡ ಗಾಯಕರಾಗಿದ್ದಾರೆ. ಕಿವಿಯಿಂದ ನುಡಿಸುವುದು ಅಂದರೆ ನಮಗೆ ವರ್ಷಗಟ್ಟಲೆ ಮಾಡಿದ ಸಾಧನೆ. 'ಯೋಜನೆ ಇಲ್ಲದೆ' ಅನ್ನುವ ಅರ್ಥ ನಮ್ಮ ತಲೆಗೆ ಹೊಳೆಯುವುದಾದರೂ ಹೇಗೆ?

ಇದಕ್ಕೆ ಉಲ್ಟಾ ಇನ್ನೊಂದು ಇದೆ. 'ಪುಲ್ ಔಟ್ ಆಲ್ ದಿ ಸ್ಟಾಪ್ಸ್'. ಸ್ಟಾಪ್ ಅಂದ ಕೂಡಲೇ ನಿಲ್ಲಿಸುವುದು ಅಂತ ಅನ್ನಿಸುತ್ತದೆ. ಚರ್ಚಿನ ಆರ್ಗನ್‌ನಲ್ಲಿ ಮುಂದೆ ಎಳೆಯುವ ಗುಂಡಿಗಳು ಇರುತ್ತವೆ, ಅವೇ ಸ್ಟಾಪ್. ಎಲ್ಲಾ ಎಳೆದರೆ ವಾದ್ಯದ ಪೂರ್ತಿ ಧ್ವನಿ ಹೊರಗೆ ಬರುತ್ತದೆ. ಅರ್ಥ, ಇರುವ ಶಕ್ತಿಯೆಲ್ಲ ಹಾಕಿ ಕೆಲಸ ಮಾಡು. ನಮ್ಮ ಹಾರ್ಮೋನಿಯಂಗೂ ಅಂಥ ಗುಂಡಿ ಇವೆ, ಅವಕ್ಕೂ ಸ್ಟಾಪ್ ಅಂತಲೇ ಹೆಸರು. ಭಜನೆಯಲ್ಲಿ ಪೆಟ್ಟಿಗೆ ಬಾರಿಸುವವರಿಗೆ ಈ ನುಡಿಗಟ್ಟು ಒಂದೇ ಏಟಿಗೆ ತಿಳಿಯುತ್ತದೆ.

ಗೋಕುಲ್ ರೋಡ್ ಹುಡುಗ, ಹುಬ್ಬಳ್ಳಿ

ಮಾಸ್ತರೇ, ಅಕ್ಕಾರೆ, ಇಬ್ಬರಿಗೂ ಧನ್ಯವಾದ. ಹೀಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ 'ಐ ಕುಡ್‌ನ್ಟ್ ಅಗ್ರೀ ಮೋರ್' ಯಾವ ಆಟದ್ದೂ ಅಲ್ಲ, ಕಸುಬಿನದ್ದೂ ಅಲ್ಲ. ಇಂಥವಕ್ಕೆ ಏನು ಮಾಡಬೇಕು?

ಉಣಕಲ್ ಅಕ್ಕ

ನಾನು ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಈಗ ಉಣಕಲ್‌ಗೆ ವಾಪಸ್ ಬಂದಿದ್ದೇನೆ. ಅಲ್ಲಿ ನನಗೆ ಹೆಚ್ಚು ತಲೆಬಿಸಿ ತಂದದ್ದು ಆನೆ, ಬಕೆಟ್, ಮೀನಿನ ನುಡಿಗಟ್ಟು ಅಲ್ಲ. ಅವು ಬಂದರೆ 'ಇಲ್ಲೇನೋ ಬೇರೆ ಅರ್ಥ ಇದೆ' ಅಂತ ಗೊತ್ತಾಗಿಬಿಡುತ್ತದೆ. ಗೊತ್ತೇ ಆಗದೆ ಹೋಗುವುದು ಇಂಥ ಸಾದಾ ಮಾತುಗಳು.

'ಐ ಕುಡ್‌ನ್ಟ್ ಅಗ್ರೀ ಮೋರ್' ಅಂದರೆ 'ಇದಕ್ಕಿಂತ ಜಾಸ್ತಿ ಒಪ್ಪಲು ಸಾಧ್ಯವೇ ಇಲ್ಲ', ಅಂದರೆ ಪೂರ್ತಿ ಒಪ್ಪಿಗೆ. ನಿಮ್ಮ ಸಲಹೆ ಅವರಿಗೆ ಬಹಳ ಹಿಡಿಸಿದೆ ತಮ್ಮಾ. 'ಕುಡ್‌ನ್ಟ್ ಬಿ ಬೆಟರ್' ಕೂಡ ಹಾಗೆಯೇ, ಎಲ್ಲಾ ಬಹಳ ಚೆನ್ನಾಗಿದೆ ಅಂತ. ಕೊನೆಯ 'ಮೋರ್', 'ಬೆಟರ್' ಕಿವಿ ತಪ್ಪಿದರೆ ಅರ್ಥವೇ ತಿರುಗಿಬಿಡುತ್ತದೆ.

'ಟೆಲ್ ಮಿ ಅಬೌಟ್ ಇಟ್'. ಇದನ್ನು ಕೇಳಿ ನಮ್ಮವರು ವಿವರ ಹೇಳಲು ಶುರು ಮಾಡುತ್ತಾರೆ. ಅವರು ಹೇಳುತ್ತಿರುವುದು 'ನನಗೂ ಅದೇ ಅನುಭವ, ನನಗೇ ಹೇಳ್ತೀಯಾ' ಅಂತ. 'ಯು ಕ್ಯಾನ್ ಸೇ ದ್ಯಾಟ್ ಅಗೇನ್' ಅಂದರೆ ಮತ್ತೊಮ್ಮೆ ಹೇಳು ಅಂತ ಅಲ್ಲ, ಸರಿಯಾಗಿ ಹೇಳಿದೆ ಅಂತ. 'ಡೋಂಟ್ ಹೋಲ್ಡ್ ಯುವರ್ ಬ್ರೆತ್' ಅಂದರೆ ಅದು ಬೇಗ ಆಗುವುದಿಲ್ಲ, ಕಾಯಬೇಡ. ಆಸ್ಪತ್ರೆಯಲ್ಲಿ ಇದನ್ನು ಮೊದಲ ಸಲ ಕೇಳಿದಾಗ ಉಸಿರಾಟದ ವಿಷಯವೇ ಅನ್ನಿಸುತ್ತದೆ, ಅಲ್ವಾ? 'ಐ ಯಾಮ್ ಅಫ್ರೇಡ್ ದಿ ಡಾಕ್ಟರ್ ಹ್ಯಾಸ್ ಲೆಫ್ಟ್' ಅಂದರೆ ಯಾರಿಗೂ ಹೆದರಿಕೆ ಆಗಿಲ್ಲ. ಬೇಸರದ ಸುದ್ದಿಯನ್ನು ಮೆತ್ತಗೆ ಹೇಳುವ ರೀತಿ ಅದು.

ಇವಕ್ಕೆ ಹಿಂದಿನ ಕಥೆ ಹುಡುಕಿ ಪ್ರಯೋಜನ ಇಲ್ಲ. ಧ್ವನಿ ಹೇಗಿತ್ತು, ಮುಖ ಹೇಗಿತ್ತು, ಮುಂದಿನ ಮಾತು ಏನು ಬಂತು, ಅದನ್ನೇ ನೋಡಬೇಕು. 'ಟೆಲ್ ಮಿ ಅಬೌಟ್ ಇಟ್' ಅಂದವರು ನಿಟ್ಟುಸಿರು ಬಿಟ್ಟು ಹೇಳಿದರೆ ಒಂದು ಅರ್ಥ, ಕುರ್ಚಿ ಎಳೆದು ಎದುರು ಕೂತು ಹೇಳಿದರೆ ನಿಜವಾಗಿಯೂ ಕೇಳುತ್ತಿದ್ದಾರೆ ಅಂತ.

ಇನ್ನೊಂದು ಎಚ್ಚರಿಕೆ. ಕಾಲ್‌ನಲ್ಲಿ 'ಲೆಟ್ಸ್ ಟೇಬಲ್ ಇಟ್' ಬಂದರೆ ಯಾರು ಅಂದರು ನೋಡಿ. ಬ್ರಿಟನ್‌ನವರು ಅಂದರೆ 'ಚರ್ಚೆಗೆ ಎತ್ತಿಕೊಳ್ಳೋಣ'. ಅಮೆರಿಕದವರು ಅಂದರೆ 'ಸದ್ಯಕ್ಕೆ ಬದಿಗಿಡೋಣ'. ಪೂರ್ತಿ ವಿರುದ್ಧ. ಎರಡನೇ ಮಹಾಯುದ್ಧದ ಸಮಯದಲ್ಲಿ ಎರಡೂ ದೇಶದ ಸೇನಾಧಿಕಾರಿಗಳು ಇದೇ ಪದದ ಮೇಲೆ ಬಹಳ ಹೊತ್ತು ವಾದ ಮಾಡಿದ್ದನ್ನು ಚರ್ಚಿಲ್ ಬರೆದಿದ್ದಾರೆ. ಹುಟ್ಟಿನಿಂದ ಇಂಗ್ಲಿಷ್ ಆಡುವವರಿಗೇ ಹೀಗಾಗಿದೆ.

ಸಪ್ತಾಪುರ ಓದುಗಿ, ಧಾರವಾಡ

ಮಾಸ್ತರೇ, ಒಂದು ಅನುಮಾನ. 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಕಥೆ ಓಡಾಡುತ್ತಿದೆ. ಹಿಂದೆ ಇಂಗ್ಲೆಂಡಿನಲ್ಲಿ ಹುಲ್ಲಿನ ಚಾವಣಿ ಇರುತ್ತಿತ್ತಂತೆ. ಬೆಚ್ಚಗಿರಲಿ ಅಂತ ನಾಯಿ ಬೆಕ್ಕು ಅದರ ಮೇಲೆ ಮಲಗುತ್ತಿದ್ದವಂತೆ. ಜೋರು ಮಳೆಗೆ ಜಾರಿ ಕೆಳಗೆ ಬೀಳುತ್ತಿದ್ದವಂತೆ. ಇದು ನಿಜವಾ?

ಹಾವೇರಿ ಮಾಸ್ತರ

ನಿಜ ಅಲ್ಲಮ್ಮ. ಆ ಕಥೆ 1999ರಲ್ಲಿ ಇಂಟರ್ನೆಟ್‌ನಲ್ಲಿ ಹರಡಿದ ಒಂದು ಇಮೇಲ್‌ನಿಂದ ಜಗತ್ತಿಗೆಲ್ಲ ಹೋಯಿತು. ನಮ್ಮ ಹಳ್ಳಿಗಳಲ್ಲೂ ಹುಲ್ಲಿನ ಮನೆ ಇದ್ದವು. ಜೋರು ಮಳೆಯಲ್ಲಿ ಯಾವ ನಾಯಿಯಾದರೂ ಚಾವಣಿ ಮೇಲೆ ಮಲಗುತ್ತದಾ? ಹಜಾರಕ್ಕೆ ಓಡಿ ಬರುತ್ತದೆ. ನಾಯಿ ಬೆಕ್ಕಿನ ಮಳೆಯ ಮಾತು 1650ರ ಆಸುಪಾಸಿನ ಇಂಗ್ಲಿಷ್ ಬರಹದಲ್ಲೇ ಸಿಗುತ್ತದೆ. ಈಗ ಅದು ಸ್ವಲ್ಪ ಹಳೆಯ ಮಾತು. ಜನ ಸಾಮಾನ್ಯವಾಗಿ 'ಇಟ್ಸ್ ಪೋರಿಂಗ್' ಅನ್ನುತ್ತಾರೆ.

'ರೆಡ್ ಹೆರಿಂಗ್' ಕೂಡ ಹೀಗೆಯೇ. ಅಂದರೆ ಗಮನ ಬೇರೆ ಕಡೆ ಸೆಳೆದು ದಾರಿ ತಪ್ಪಿಸುವ ವಿಷಯ. ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದ ಹೆರಿಂಗ್ ಮೀನು ಕೆಂಪಾಗುತ್ತದೆ, ವಾಸನೆ ಜೋರು. ಬೇಟೆನಾಯಿಗಳ ದಾರಿ ತಪ್ಪಿಸಲು ಕಳ್ಳರು ಅದನ್ನು ಎಳೆದುಕೊಂಡು ಹೋಗುತ್ತಿದ್ದರು ಅಂತ ಎಲ್ಲರೂ ಹೇಳುತ್ತಾರೆ. 1807ರಲ್ಲಿ ವಿಲಿಯಂ ಕಾಬೆಟ್ ಎಂಬ ಪತ್ರಕರ್ತ ತನ್ನ ಪತ್ರಿಕೆಯಲ್ಲಿ ಬಾಲ್ಯದಲ್ಲಿ ಮೀನು ಎಳೆದು ನಾಯಿಗಳನ್ನು ತಪ್ಪಿಸಿದ ಕಥೆ ಹೇಳಿದ. ನೆಪೋಲಿಯನ್ ಸೋತ ಅನ್ನುವ ಸುಳ್ಳು ಸುದ್ದಿಯ ಹಿಂದೆ ಪತ್ರಿಕೆಗಳು ಓಡಿದ್ದನ್ನು ಟೀಕಿಸಲು ಆ ಕಥೆ. ಆ ಬರಹವೇ ಈ ಅರ್ಥವನ್ನು ಜನರ ಬಾಯಿಗೆ ತಂದಿತು. ಕಳ್ಳರು ಬೇಕಾಗಲಿಲ್ಲ.

ಕಥೆ ಎಷ್ಟು ಚೆಂದ ಇದೆಯೋ ಅಷ್ಟು ಅನುಮಾನ ಪಡಬೇಕು. ನೆನಪಿಟ್ಟುಕೊಳ್ಳಲು ಕಥೆ ಸಹಾಯ ಮಾಡುತ್ತದೆ, ಅದಕ್ಕೆ ಬೇಡ ಅನ್ನುವುದಿಲ್ಲ. ಆದರೆ ಇತಿಹಾಸ ಅಂತ ಇನ್ನೊಬ್ಬರಿಗೆ ಹೇಳಬೇಡಿ.

ಬೆಟಗೇರಿ ಮಗ್ಗ

ನಮ್ಮದು ನೇಕಾರರ ಮನೆ. ಕಸುಬಿನ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ನನ್ನ ಮಗಳು ಪಿಯುಸಿ. 'ಆನ್ ಟೆಂಟರ್‌ಹುಕ್ಸ್' ಅಂದರೆ ಆತಂಕದಿಂದ ಕಾಯುವುದು ಅಂತ ಪುಸ್ತಕದಲ್ಲಿತ್ತು. ಯಾಕೆ ಅಂತ ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ಕೂತು ಡಿಕ್ಷನರಿ ನೋಡಿದೆವು. ಇಂಗ್ಲೆಂಡಿನಲ್ಲಿ ಉಣ್ಣೆ ಬಟ್ಟೆ ತೊಳೆದ ಮೇಲೆ ಕುಗ್ಗದಂತೆ ಬಯಲಿನಲ್ಲಿ ಕಟ್ಟಿಗೆಯ ಚೌಕಟ್ಟಿಗೆ ಕೊಕ್ಕೆ ಹಾಕಿ ಬಿಗಿಯಾಗಿ ಎಳೆದು ಒಣಗಿಸುತ್ತಿದ್ದರು. ಆ ಚೌಕಟ್ಟು ಟೆಂಟರ್. ನಮ್ಮ ಮಗ್ಗದಲ್ಲೂ ನೇಯುವಾಗ ಸೀರೆಯ ಅಗಲ ಕುಗ್ಗಬಾರದು ಅಂತ ಎರಡೂ ಅಂಚಿಗೆ ಚೂಪು ಮೊನೆಯ ಕೋಲು ಸಿಕ್ಕಿಸುತ್ತೇವೆ. ಬಟ್ಟೆ ಹೇಗೆ ಬಿಗಿದುಕೊಂಡಿರುತ್ತದೆ ಅಂತ ಬೆರಳಿನಿಂದ ಮುಟ್ಟಿ ತೋರಿಸಿದೆ. ಮಗಳಿಗೆ ಆ ಮಾತು ಇನ್ನು ಮರೆಯುವುದಿಲ್ಲ.

'ಡೈಡ್ ಇನ್ ದಿ ವೂಲ್' ಅಂತ ಇನ್ನೊಂದು. ನೇಯ್ದ ಮೇಲೆ ಬಣ್ಣ ಹಾಕಿದರೆ ಬೇರೆ, ನೂಲುವ ಮೊದಲೇ ಉಣ್ಣೆಗೆ ಬಣ್ಣ ಹಾಕಿದರೆ ಬೇರೆ. ಎರಡನೆಯದು ಎಳೆಎಳೆಗೂ ಹಿಡಿಯುತ್ತದೆ. ಅದಕ್ಕೇ ಯಾವುದೋ ನಂಬಿಕೆಯನ್ನು ಗಟ್ಟಿಯಾಗಿ ಹಿಡಿದ, ಎಂದೂ ಬದಲಾಗದ ಮನುಷ್ಯನಿಗೆ ಹಾಗೆ ಹೇಳುತ್ತಾರೆ. ಶಟಲ್ ಬಸ್, ಶಟಲ್ ರೈಲು ಅನ್ನುತ್ತೀರಲ್ಲ, ಆ ಶಟಲ್ ನಮ್ಮ ಲಾಳಿ. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಕನ್ನಡದಲ್ಲಿ 'ಹಾಸುಹೊಕ್ಕು' ಅನ್ನುವವರಲ್ಲಿ ಎಷ್ಟು ಜನ ಮಗ್ಗದ ಹಾಸು, ಹೊಕ್ಕು ನೋಡಿದ್ದಾರೆ? ಆದರೂ ಅರ್ಥ ಗೊತ್ತಿರುತ್ತದೆ.

ರೈಲ್ವೆ ಕಾಕಾ, ಹುಬ್ಬಳ್ಳಿ

ಬೆಟಗೇರಿಯವರು ಬರೆದದ್ದು ಓದಿ ಬಹಳ ಖುಷಿ ಆಯಿತು. ನಾನು ರೈಲ್ವೆಯಿಂದ ನಿವೃತ್ತನಾದವನು. ಉಗಿ ಎಂಜಿನ್ ಕಾಲ ಕಂಡಿದ್ದೇನೆ. 'ಲೆಟ್ ಆಫ್ ಸ್ಟೀಮ್' ಅಂದರೆ ಏನು ಅಂತ ಕೇಳಿದರೆ ನಾನು ಬಾಯ್ಲರ್ ತೋರಿಸುತ್ತಿದ್ದೆ. ಒಳಗಿನ ಒತ್ತಡ ಮಿತಿ ಮೀರಿದರೆ ಸೇಫ್ಟಿ ವಾಲ್ವ್ ತಾನಾಗಿಯೇ ತೆರೆದು ಉಗಿ ಹೊರಗೆ ಬಿಡುತ್ತದೆ. ಬಿಡದಿದ್ದರೆ ಬಾಯ್ಲರ್ ಒಡೆಯುತ್ತದೆ. ಸಿಟ್ಟು, ಒತ್ತಡ ತುಂಬಿದ ಮನುಷ್ಯ ನಾಲ್ಕು ಮಾತು ಜೋರಾಗಿ ಆಡಿ ಹಗುರ ಆಗುವುದೂ ಅದೇ. 'ರನ್ ಔಟ್ ಆಫ್ ಸ್ಟೀಮ್' ಅಂದರೆ ಉಗಿ ಮುಗಿದು ಗಾಡಿ ನಿಧಾನ ಆಯಿತು, ಉತ್ಸಾಹ ಮುಗಿಯಿತು. 'ಸೈಡ್‌ಟ್ರ್ಯಾಕ್' ಅಂದರೆ ಮುಖ್ಯ ಹಳಿಯಿಂದ ಪಕ್ಕದ ಹಳಿಗೆ ಹೋಗುವುದು. ಮಾತು ಬೇರೆ ಕಡೆ ಹೋದರೂ ಅದೇ.

'ಲೈಟ್ ಅಟ್ ದಿ ಎಂಡ್ ಆಫ್ ದಿ ಟನಲ್' ತಿಳಿಯಬೇಕಾದರೆ ಇಲ್ಲಿಂದ ಗೋವಾ ಕಡೆ ರೈಲಿನಲ್ಲಿ ಹೋಗಿ ಬನ್ನಿ. ಕ್ಯಾಸಲ್‌ರಾಕ್ ದಾಟಿದ ಮೇಲೆ ದೂಧಸಾಗರ ಘಾಟಿನಲ್ಲಿ ಸುರಂಗದ ಮೇಲೆ ಸುರಂಗ.

ಮಾಳಮಡ್ಡಿ ಅನುವಾದಕಿ, ಧಾರವಾಡ

ಎಲ್ಲರ ಮಾತೂ ಒಪ್ಪುತ್ತೇನೆ. ಆದರೆ ಒಂದು ವಿಷಯಕ್ಕೆ ನನ್ನ ತಕರಾರು ಇದೆ. ಕಸುಬು ತಿಳಿದರೆ ನುಡಿಗಟ್ಟು ತಿಳಿಯುತ್ತದೆ ಅನ್ನುವುದು ಅರ್ಧ ಮಾತ್ರ ಸರಿ. ಕೈ, ಕಾಲು, ಕಣ್ಣು, ತಲೆ ಎಲ್ಲರಿಗೂ ಇವೆ. ಇದಕ್ಕಿಂತ ಪರಿಚಿತ ಲೋಕ ಯಾವುದಿದೆ? ಅಲ್ಲೇ ನಾವು ಜಾಸ್ತಿ ಜಾರುತ್ತೇವೆ. ಯಾಕೆಂದರೆ ನಮ್ಮ ಹತ್ತಿರ ಆಗಲೇ ಒಂದು ನುಡಿಗಟ್ಟು ಸಿದ್ಧ ಇರುತ್ತದೆ.

'ಗಿವ್ ಮಿ ಎ ಹ್ಯಾಂಡ್' ಅಂದರೆ ಸಹಾಯ ಮಾಡು. ಕನ್ನಡದಲ್ಲಿ 'ಅವನು ಕೈ ಕೊಟ್ಟ' ಅಂದರೆ ನಡುನೀರಿನಲ್ಲಿ ಬಿಟ್ಟ. 'ಕೀಪ್ ಆ್ಯನ್ ಐ ಆನ್ ಮೈ ಬ್ಯಾಗ್' ಅಂದರೆ ಕಾಯ್ದುಕೊಂಡಿರು. ನಮ್ಮಲ್ಲಿ ಯಾರದೋ ವಸ್ತುವಿನ ಮೇಲೆ 'ಕಣ್ಣು ಹಾಕಿದ' ಅಂದರೆ ಆಸೆಪಟ್ಟ. 'ವಾಶ್ ಯುವರ್ ಹ್ಯಾಂಡ್ಸ್ ಆಫ್ ಇಟ್' ಅಂದರೆ ಆ ಜವಾಬ್ದಾರಿ ಬಿಟ್ಟುಬಿಡುವುದು. ಯೇಸುವಿನ ವಿಚಾರಣೆಯಲ್ಲಿ ಪಿಲಾತ ಜನರ ಎದುರು ಕೈ ತೊಳೆದುಕೊಂಡ ಪ್ರಸಂಗದಿಂದ ಬಂದ ಮಾತು ಅದು. ನಮ್ಮಲ್ಲಿ 'ಕೈ ತೊಳೆದುಕೊಂಡು ಬೆನ್ನು ಹತ್ತಿದ' ಅಂದರೆ ಬ್ಯಾಡ ಅಂದರೂ ಬಿಡದವನು.

ವ್ಯಾಕರಣದಲ್ಲೂ ಒಂದು ಸುಳಿವು ಇದೆ, ಗಮನಿಸಿ. 'ಟೋಪಿ ಹಾಕಿದ' ಅಂದರೆ ಮೋಸ ಮಾಡಿದ. 'ಟೋಪಿಯನ್ನು ಹಾಕಿದ' ಅಂದರೆ ನಿಜವಾದ ಟೋಪಿ. ಆ ಒಂದು ವಿಭಕ್ತಿ ಬಂದರೆ ನುಡಿಗಟ್ಟು ಒಡೆದುಹೋಗುತ್ತದೆ. ಇಂಗ್ಲಿಷ್‌ನಲ್ಲೂ 'ಹಿ ಕಿಕ್ಡ್ ದಿ ಬಕೆಟ್' ಅಂದರೆ ತೀರಿಕೊಂಡ. 'ಹಿ ಕಿಕ್ಡ್ ಎ ಬಕೆಟ್' ಅಂದರೆ ಯಾವುದೋ ಬಕೆಟ್ ಒದ್ದ. 'ದಿ ಬಕೆಟ್ ವಾಸ್ ಕಿಕ್ಡ್' ಅಂದರೂ ಸಾವು ಹೋಗಿ ಬರೀ ಬಕೆಟ್ ಉಳಿಯುತ್ತದೆ. ಆದರೆ 'ದಿ ಬೀನ್ಸ್ ವರ್ ಸ್ಪಿಲ್ಡ್' ಅಂದರೆ ಗುಟ್ಟು ರಟ್ಟಾಯಿತು ಅನ್ನುವ ಅರ್ಥ ಹಾಗೇ ಇರುತ್ತದೆ. ಯಾಕೆ? ಬೀನ್ಸ್ ಅಂದರೆ ಗುಟ್ಟು, ಚೆಲ್ಲುವುದು ಅಂದರೆ ಹೊರಹಾಕುವುದು ಅಂತ ಬಿಡಿಬಿಡಿಯಾಗಿ ಹೊಂದಿಸಬಹುದು. ಬಕೆಟ್‌ಗೆ ಸಾವಿನಲ್ಲಿ ಹೊಂದುವ ಭಾಗವೇ ಇಲ್ಲ. ಹಾಗಾಗಿ ಆ ಮಾತು ಇಡಿಯಾಗಿಯೇ ಇರಬೇಕು. ಕಲಿಯುವವರು ಇದನ್ನು ತಿಳಿದಿದ್ದರೆ ಯಾವ ನುಡಿಗಟ್ಟನ್ನು ಸ್ವಲ್ಪ ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಅಂತ ಗೊತ್ತಾಗುತ್ತದೆ.

ಕಾಕಾ ಹೇಳಿದ ಉಗಿಯ ಮಾತಿಗೂ ಒಂದು ಸೇರಿಸುತ್ತೇನೆ. 1980ರಲ್ಲಿ ಜಾರ್ಜ್ ಲೇಕಾಫ್, ಮಾರ್ಕ್ ಜಾನ್ಸನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಒಂದು ಮಾತು ಹೇಳಿದರು. ರೂಪಕ ಅನ್ನುವುದು ಕವಿಗಳ ಅಲಂಕಾರ ಅಷ್ಟೇ ಅಲ್ಲ, ನಾವು ದಿನಾ ಯೋಚಿಸುವುದೇ ಅದರ ಮೂಲಕ ಅಂತ. ಇಂಗ್ಲಿಷ್‌ನಲ್ಲಿ ಸಮಯವನ್ನು ಹಣದ ಹಾಗೆ 'ಸ್ಪೆಂಡ್' ಮಾಡುತ್ತಾರೆ, 'ಸೇವ್' ಮಾಡುತ್ತಾರೆ, 'ವೇಸ್ಟ್' ಮಾಡುತ್ತಾರೆ. ವಾದವನ್ನು ಯುದ್ಧದ ಹಾಗೆ 'ಅಟ್ಯಾಕ್', 'ಡಿಫೆಂಡ್' ಮಾಡುತ್ತಾರೆ, ಗೆಲ್ಲುತ್ತಾರೆ, ಸೋಲುತ್ತಾರೆ. ಸಿಟ್ಟು ಅಂದರೆ ಪಾತ್ರೆಯೊಳಗೆ ಕಾಯುವ ನೀರು. ಕನ್ನಡದಲ್ಲೂ ಸಿಟ್ಟಿನಿಂದ 'ಕುದಿಯುತ್ತೇವೆ', ಕೋಪ 'ಉಕ್ಕುತ್ತದೆ'. ಎಲ್ಲಿ ಎರಡೂ ಭಾಷೆಯ ಕಲ್ಪನೆ ಒಂದೇ ಇದೆಯೋ ಅಲ್ಲಿ ಧೈರ್ಯವಾಗಿ ಊಹಿಸಿ. ಮೈಯ ಭಾಗಗಳು ಬಂದಾಗ ಮಾತ್ರ ಡಿಕ್ಷನರಿ ತೆರೆಯಿರಿ.

ನಮ್ಮ ಊರಿಗೂ ಇದಕ್ಕೂ ಹಳೆಯ ನಂಟು ಇದೆ. ಜರ್ಮನಿಯಿಂದ ಬಂದು ಧಾರವಾಡದಲ್ಲೂ ಇದ್ದ ಕಿಟೆಲ್ 1894ರಲ್ಲಿ ಪ್ರಕಟಿಸಿದ ಕನ್ನಡ-ಇಂಗ್ಲಿಷ್ ನಿಘಂಟು ತೆರೆದು ನೋಡಿ. ಪದದ ಅರ್ಥದ ಜೊತೆಗೆ ಗಾದೆಗಳನ್ನೂ ಸೇರಿಸಿದ್ದಾರೆ. ಪದ ಒಂಟಿಯಾಗಿ ಇರುವುದಿಲ್ಲ ಅಂತ ಹೊರಗಿನಿಂದ ಬಂದು ಕನ್ನಡ ಕಲಿತ ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಹಾವೇರಿ ಮಾಸ್ತರ

ಅಕ್ಕಾರೆ, ನಿಮ್ಮ ತಕರಾರು ಒಪ್ಪಿದೆ. ಟೋಪಿಯ ಉದಾಹರಣೆ ಬಹಳ ಚೆನ್ನಾಗಿದೆ. ಕನ್ನಡದಿಂದ ಶುರು ಮಾಡಿ ಇಂಗ್ಲಿಷ್‌ಗೆ ಹೋದರೆ ಮಕ್ಕಳಿಗೆ ಎಷ್ಟು ಸುಲಭ ಆಗುತ್ತದೆ!

ಸಪ್ತಾಪುರದ ತಂಗಿಗೂ ಒಂದು ಮಾತು. ಪರೀಕ್ಷೆಗೆ ಪಟ್ಟಿ ಓದು, ತಪ್ಪಿಲ್ಲ. ಆದರೆ ಅರ್ಥ ಗೊತ್ತು ಅಂದಕೂಡಲೇ ಬಳಸಬೇಡ. 'ಕಿಕ್ ದಿ ಬಕೆಟ್' 1785ರ ಒಂದು ಆಡುಮಾತಿನ ನಿಘಂಟಿನಲ್ಲೇ ಇದೆ. ಅಂದಿನಿಂದ ಇಂದಿನವರೆಗೂ ಅದು ಹಗುರ ಮಾತು. 'ಗೊಟಕ್ ಅಂದ' ಅನ್ನುವ ಜಾತಿಯದು. ಸಂತಾಪ ಸೂಚಿಸುವ ಕಡೆ ಆಡಿದರೆ ಮನೆಯವರ ಮನಸ್ಸಿಗೆ ನೋವಾಗುತ್ತದೆ. ಅಲ್ಲಿ 'ಪಾಸ್ಡ್ ಅವೇ' ಅನ್ನಬೇಕು. ಕಲಿಯುವವರಿಗಾಗಿಯೇ ಮಾಡಿದ ಡಿಕ್ಷನರಿಗಳಲ್ಲಿ ನುಡಿಗಟ್ಟಿಗೆ ಬೇರೆ ಭಾಗ ಇರುತ್ತದೆ. 'ಇನ್‌ಫಾರ್ಮಲ್', 'ಓಲ್ಡ್ ಫ್ಯಾಷನ್ಡ್' ಅಂತ ಗುರುತು ಹಾಕಿರುತ್ತಾರೆ. ಅರ್ಥಕ್ಕಿಂತ ಮೊದಲು ಆ ಗುರುತು ಓದುವ ಅಭ್ಯಾಸ ಮಾಡಿಕೋ. ಕೇಳಿದಾಗ ತಿಳಿಯಬೇಕಾದದ್ದು ಸಾವಿರ ಇರಲಿ, ಬಾಯಿಂದ ಆಡುವುದು ಚೆನ್ನಾಗಿ ಕೇಳಿಸಿಕೊಂಡ ಕೆಲವು ಮಾತ್ರ ಸಾಕು.

ಬ್ಯಾಡಗಿ ಹುಡುಗಿ

ಉಣಕಲ್ ಅಕ್ಕಾರೆ, ನನಗೆ ಮುಂದಿನ ತಿಂಗಳು ಮೊದಲ ಕೆಲಸ. ಮೀಟಿಂಗ್ ನಡುವೆ ತಿಳಿಯದ ಮಾತು ಬಂದರೆ ಅಲ್ಲೇ ಕೇಳಬಹುದಾ? ಎಲ್ಲರ ಮುಂದೆ ಕೇಳಲು ಸಂಕೋಚ ಆಗುತ್ತದೆ.

ಉಣಕಲ್ ಅಕ್ಕ

ಕೇಳಲೇಬೇಕು ತಂಗಿ. ನಮ್ಮ ಕೆಲಸದಲ್ಲಿ ತಿಳಿಯದೆ ಸುಮ್ನೆ ತಲೆಯಾಡಿಸಿದರೆ ರೋಗಿಗೆ ಅಪಾಯ ಆಗುತ್ತಿತ್ತು. ಆ ಪದದ ಅರ್ಥ ಏನು ಅಂತಲೇ ಕೇಳಬೇಕಿಲ್ಲ. ಕೆಲಸ ಏನು ಅಂತ ಸಾದಾ ಮಾತಿನಲ್ಲಿ ತಿರುಗಿ ಹೇಳು. 'ಸೋ, ವಿ ಆರ್ ನಾಟ್ ಡೂಯಿಂಗ್ ದಿಸ್ ಟುಡೇ, ರೈಟ್?' ಅಂತ. ನಿನ್ನ ಊಹೆ ಸರಿ ಇದ್ದರೆ ಹೌದು ಅನ್ನುತ್ತಾರೆ. ತಪ್ಪಿದ್ದರೆ ಅವರೇ ಬಿಡಿಸಿ ಹೇಳುತ್ತಾರೆ. 'ಡು ಯು ಮೀನ್ ಬಿಫೋರ್ ಫ್ರೈಡೇ?' ಅಂತ ದಿನ, ಸಂಖ್ಯೆ ಹಾಕಿ ಕೇಳಿದರೆ ಇನ್ನೂ ಒಳ್ಳೆಯದು. ಯಾರೂ ಕೀಳಾಗಿ ನೋಡುವುದಿಲ್ಲ, ಜಾಗ್ರತೆಯ ಹುಡುಗಿ ಅನ್ನುತ್ತಾರೆ. ಹಾಗೆಯೇ ನಮ್ಮ ಕಡೆಯ ಇಂಗ್ಲಿಷ್ ಕೂಡ ಅವರಿಗೆ ತಿಳಿಯುವುದಿಲ್ಲ, ನೆನಪಿರಲಿ. 'ಔಟ್ ಆಫ್ ಸ್ಟೇಷನ್', 'ಡು ದಿ ನೀಡ್‌ಫುಲ್' ಅವರ ಕಿವಿಗೆ ಹೊಸದು. 'ಐ ಪಾಸ್ಡ್ ಔಟ್ ಲಾಸ್ಟ್ ಇಯರ್' ಅಂದರೆ ಡಿಗ್ರಿ ಮುಗಿಸಿದೆ ಅಂತ ಅವರು ತಿಳಿಯುವುದಿಲ್ಲ, ಎಚ್ಚರ ತಪ್ಪಿ ಬಿದ್ದೆ ಅಂತ ತಿಳಿಯುತ್ತಾರೆ. 'ಐ ಗ್ರ್ಯಾಜುಯೇಟೆಡ್' ಅನ್ನು.

ಗೋಕುಲ್ ರೋಡ್ ಹುಡುಗ, ಹುಬ್ಬಳ್ಳಿ

ನಿನ್ನೆಯ ಕಾಲ್‌ನಲ್ಲಿ ಅಕ್ಕ ಹೇಳಿದ ಹಾಗೆಯೇ ತಿರುಗಿ ಹೇಳಿ ಕೇಳಿದೆ. ಬಹಳ ಅನುಕೂಲ ಆಯಿತು. 'ಲೋ ಹ್ಯಾಂಗಿಂಗ್ ಫ್ರೂಟ್' ಬಂತು. ಕೈಗೆಟಕುವ ಮಾವಿನಕಾಯಿ ಮೊದಲು ಕೀಳೋಣ ಅಂತ ತಾನಾಗಿಯೇ ಹೊಳೆಯಿತು. ಎರಡು ಮಾತ್ರ ಉಳಿದವು. 'ಇಟ್ ವೋಂಟ್ ಮೂವ್ ದಿ ನೀಡಲ್' ಅಂದರು. ಕೊನೆಗೆ ಮ್ಯಾನೇಜರ್ 'ಲೆಟ್ಸ್ ಪಂಟ್ ಆನ್ ದಿಸ್' ಅಂದರು. ನೀಡಲ್ ಅಂದರೆ ಬೆಟಗೇರಿಯವರ ಸೂಜಿಯಾ?

ರೈಲ್ವೆ ಕಾಕಾ, ಹುಬ್ಬಳ್ಳಿ

ಅದು ಹೊಲಿಗೆಯ ಸೂಜಿ ಅಲ್ಲ ತಮ್ಮಾ, ಮೀಟರಿನ ಮುಳ್ಳು. ಪ್ರೆಷರ್ ಗೇಜ್‌ನಲ್ಲಿ ಇರುತ್ತದಲ್ಲ, ಅಂಥದ್ದು. ಎಷ್ಟು ಮಾಡಿದರೂ ಮುಳ್ಳು ಅಲ್ಲಾಡುವುದಿಲ್ಲ ಅಂದರೆ ಆ ಕೆಲಸದಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ ಅಂತ.

ಹಾವೇರಿ ಮಾಸ್ತರ

'ಪಂಟ್' ಅಮೆರಿಕನ್ ಫುಟ್‌ಬಾಲ್‌ನದು. ಮುಂದೆ ಸಾಗಲು ಆಗದ ತಂಡ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತದೆ. ಕಚೇರಿಯಲ್ಲಿ ಅಂದರೆ 'ಇದನ್ನು ಈಗ ಬಿಡೋಣ, ಮುಂದೂಡೋಣ'. ನಿಮ್ಮ ಕಂಪನಿಗೆ ನಾಳೆ ಲಂಡನ್ ಕ್ಲೈಂಟ್ ಬಂದು 'ಲೆಟ್ಸ್ ಟೇಕ್ ಎ ಪಂಟ್' ಅಂದರೆ ಮುಂದೂಡಿದರು ಅಂತ ಲ್ಯಾಪ್‌ಟಾಪ್ ಮುಚ್ಚಬೇಡಿ. ಬ್ರಿಟನ್‌ನಲ್ಲಿ ಪಂಟ್ ಅಂದರೆ ಬಾಜಿ ಕಟ್ಟುವುದು. ಗೆದ್ದರೂ ಸೋತರೂ ಒಂದು ಕೈ ನೋಡೋಣ, ಮಾಡಿಯೇ ಬಿಡಿ ಅಂತ ಅವರು ಹೇಳುತ್ತಿರುತ್ತಾರೆ.